ಎರಡನೇ ಸಲ ಕೂರೋದು

ಹಳೇಕೋಟೆ
9 ಏಪ್ರಿಲ್ 2025, ಬುಧವಾರ

ಸ್ಪಂದನಾ,

ನಾವೆಲ್ಲ ಚೆನ್ನಾಗಿದ್ದೇವೆ, ನಿಮ್ಮ ಯೋಗಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡೋಕೆ ನಾನೇನು ಬೀಗರಿಗೆ ಬರೀತಾ ಇಲ್ಲ. ನಿಮ್ಮ ಕೋಚಿಂಗಿನವರು ಸಿಇಟಿ ಮುಗಿಯೋವರೆಗೆ ಫೋನು ಕಿತ್ತಿಟ್ಟುಕೊಂಡಿದ್ದಾರಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ. ಏಳನೇ ಕ್ಲಾಸಿಗೆ ಬಿಟ್ಟೋಳ ಕೈ ಇದು.

ನಿನ್ನೆ ನೀನು ವಾರ್ಡನ್ ಫೋನಿಂದ ಮಾಡಿ ಬರೀ ಅತ್ತೆ. ಯಾರೋ ಹೋದರು ಅಂದ್ಕೊಂಡೆ. ಕೇಳಿದರೆ ಪಿಯುಸಿ ರಿಸಲ್ಟು. ಫೇಲಾ ಅಂತ ಕೇಳಿದೆ, ನೀನು ಇಲ್ಲ ಅಂದೆ. ಮತ್ತೆ ಯಾವ ಸಂಕಟಕ್ಕೆ ಅಳು? ಆರುನೂರಕ್ಕೆ ನಾನೂರ ಮೂವತ್ತನಾಲ್ಕು. ಫಸ್ಟ್ ಕ್ಲಾಸು. ನಮ್ಮ ಕಡೆ ಯಾರ ಮನೇಲಿ ಬಂದಿದೆ ಅಷ್ಟು? ನಿಮ್ಮಪ್ಪ ದೇವರಾಜು ಎಸ್ಸೆಸ್ಸೆಲ್ಸಿ ಬಾಗಿಲು ಮುಟ್ಟಿ ಬಂದು ಡೇರಿ ವ್ಯಾನಿನ ಸ್ಟೇರಿಂಗ್ ಹಿಡಿದ. ನಿಮ್ಮವ್ವ, ನನ್ನ ತಂಗಿ, ಬಾಗಿಲವರೆಗೂ ಹೋಗಲಿಲ್ಲ. ಮಕ್ಕಳಿಲ್ಲದ ಮನೆಗೆ ಒಂದು ಇರಲಿ ಅಂತ ಆರು ವರ್ಷದ ನಿನ್ನನ್ನ ಚನ್ನರಾಯಪಟ್ಟಣದಿಂದ ಕರ್ಕೊಂಡು ಬಂದೆ. ಹೊಗೆಸೊಪ್ಪು ಗ್ರೇಡು ಮಾಡೋಳ ಕೈಗೆ ಸಿಕ್ಕಿ ಈ ಕೂಸು ಏನಾಗುತ್ತೋ ಅಂದಿದ್ದರು ಜನ. ಈಗ ಅನ್ನಲಿ.

ಸಂಜೆಗೇ ಸಕ್ಕರೆ ತಂದು ಬೀದಿಗೆಲ್ಲ ಹಂಚಿದೆ. ನೀಲಗಂಗಮ್ಮನ ಮಗ ಮನು ಎರಡು ಸಬ್ಜೆಕ್ಟು ಡುಮ್ಕಿ ಹೊಡೆದಿದ್ದಾನೆ. ಅವಳ ಮನೆಗೂ ಕೊಟ್ಟೆ. ಕೊಡಬಾರದಿತ್ತೇನೋ. ಕೊಟ್ಟೆ.

ಹಾಸನದ ಕೃಷಿ ಕಾಲೇಜು ಸೇರ್ತೀನಿ ಅಂತ ಎಂಟನೇ ಕ್ಲಾಸಿಂದ ನನ್ನ ತಲೆ ತಿಂದಿದ್ದೀಯ. ಸೇರುವಂತೆ. ಮೂಗು ಒರೆಸಿಕೊಂಡು ಸಿಇಟಿ ಬರಿ.

ಬೈಯೋದು ಬಿಟ್ಟು ಬೇರೆ ಬರದ,
ನಿನ್ನ ದೊಡ್ಡಮ್ಮ


ಹಾಸನ
11 ಏಪ್ರಿಲ್ 2025

ದೊಡ್ಡಮ್ಮ,

ನಿನ್ನ ಕಾಗದ ಓದಿ ನಗು ಬಂತು, ಹಿಂದೆಯೇ ಅಳು ಬಂತು. ಬೈಬೇಡ, ಪೂರ್ತಿ ಓದು.

ಕೃಷಿ ಕಾಲೇಜಿಗೆ ಸಿಇಟಿ ಒಂದೇ ಸಾಲದು. ಸಿಇಟಿಯದು ಅರ್ಧ, ಪಿಯುಸಿಯದು ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಪಿಯುಸಿಯಲ್ಲೂ ಕನ್ನಡ, ಇಂಗ್ಲಿಷ್ ಲೆಕ್ಕಕ್ಕಿಲ್ಲ. ಉಳಿದ ನಾಲ್ಕರಲ್ಲಿ ನನಗೆ ಬಂದಿರೋದು ನಾನೂರಕ್ಕೆ ಇನ್ನೂರ ಅರವತ್ತಮೂರು. ಅದು ಕಮ್ಮಿ, ದೊಡ್ಡಮ್ಮ. ತಪ್ಪು ನಂದೇ. ಸಿಇಟಿಯಲ್ಲಿ ಸರಿ ಉತ್ತರದ ಗುಂಡು ಕಪ್ಪು ಮಾಡಿದರಾಯ್ತು. ಅದನ್ನೇ ಅಭ್ಯಾಸ ಮಾಡಿ ಮಾಡಿ ಉದ್ದ ಉತ್ತರ ಬರೆಯೋ ಕೈಯೇ ಹೋಗಿಬಿಟ್ಟಿತ್ತು. ಕೆಮಿಸ್ಟ್ರಿಯಲ್ಲಿ ಗೊತ್ತಿದ್ದದ್ದನ್ನೂ ಮುಗಿಸಲಿಲ್ಲ.

ಈಗ ಪಿಯುಸಿಗೆ ಪರೀಕ್ಷೆ-2 ಅಂತ ಇದೆ. ಪಾಸಾದವರೂ ಬರೆಯಬಹುದು. ಹೆಚ್ಚು ಬಂದರೆ ಆ ಅಂಕ ಹಿಡಿಯುತ್ತಾರೆ, ಕಮ್ಮಿ ಬಂದರೆ ಮೊದಲಿನದು ಹಾಗೇ ಇರುತ್ತದೆ. ಕಳೆದುಕೊಳ್ಳೋದು ಏನೂ ಇಲ್ಲ. ಕೆಮಿಸ್ಟ್ರಿ, ಫಿಸಿಕ್ಸ್ ಎರಡು ಮತ್ತೆ ಬರೆದರೆ ಸಾಕು.

ಅರ್ಜಿ ತುಂಬಿ ಇದರ ಜೊತೆ ಇಟ್ಟಿದ್ದೀನಿ. ಬುಧವಾರ, ಗುರುವಾರ ನನಗೆ ಸಿಇಟಿ, ಅರ್ಜಿ ಕೊಡೋಕೂ ಗುರುವಾರವೇ ಕೊನೆ. ಹೊಳೆನರಸೀಪುರಕ್ಕೆ ಹೋಗಿ ನಮ್ಮ ಕಾಲೇಜಿನ ಕ್ಲರ್ಕ್ ಈಶ್ವರಯ್ಯನವರ ಕಿಟಕಿಯಲ್ಲಿ ಕೊಟ್ಟು ಫೀಸು ಕಟ್ಟು. ಗೊತ್ತಾಗದಿದ್ದರೆ ಅಲ್ಲೇ ಪಾಠ ಮಾಡೋ ಗಂಗಾಧರಯ್ಯ ಸರ್‌ನ ಕೇಳು. ಚೆನ್ನಾಗಿ ಬಿಡಿಸಿ ಹೇಳುತ್ತಾರೆ.

ಇದೊಂದು ಮಾಡು ದೊಡ್ಡಮ್ಮ. ಮಿಕ್ಕಿದ್ದು ನಾನು ನೋಡ್ಕೋತೀನಿ.

ಸ್ಪಂದನಾ


ಹಳೇಕೋಟೆ
18 ಏಪ್ರಿಲ್ 2025

ಸ್ಪಂದನಾ,

ಕಾಗದ ಮಂಗಳವಾರ ಬಂತು. ಬುಧವಾರ ಬೆಳಿಗ್ಗೆ ಮಂಚಯ್ಯನ ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹಾಕಿ, ಒಂಬತ್ತರ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋದೆ. ದೊಡ್ಡಮ್ಮ ಹೋಗಲೇ ಇಲ್ಲ ಅಂತ ಆಮೇಲೆ ಅನ್ನಬೇಡ.

ಕಿಟಕಿ ಮುಂದೆ ಸಾಲಿತ್ತು. ಸಾಲಲ್ಲಿದ್ದ ಹುಡುಗರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಎಲ್ಲ ಹೋದ ಕೇಸುಗಳೇ. ಕೆಲವರ ಅಪ್ಪಂದಿರು ಅಲ್ಲೇ ತಲೆ ಮೇಲೆ ಮೊಟಕುತ್ತಿದ್ದರು. ನನ್ನ ಮುಂದೆ ನಿಂತಿದ್ದವಳು ತಿರುಗಿದಳು. ನೀಲಗಂಗಮ್ಮ.

"ಏನಕ್ಕಾ, ನಿಮ್ದೂ ಓಯ್ತಾ?" ಅಂದಳು.

ಇಲ್ಲ, ನಮ್ಮದು ಪಾಸು, ಇನ್ನೊಂದು ಸಲ ಬರೆಯೋಕೆ ಅಂದೆ. ಹೇಳುವಾಗಲೇ ಅದು ಸುಳ್ಳಿನ ಹಾಗೆ ಕೇಳಿಸ್ತು. ನನಗೇ ಕೇಳಿಸಿದ ಮೇಲೆ ಅವಳಿಗೆ ಕೇಳಿಸದೆ ಇರುತ್ತಾ?

"ಪಾಸಾದೋರು ಯಾಕಕ್ಕಾ ಇಲ್ಲಿ ನಿಂತ್ಕತಾರೆ? ಬುಡಿ, ನಾನೇನು ಯಾರ್ಗೂ ಏಳಕಿಲ್ಲ. ಆದ್ರೂ ಸಕ್ಕರೆ ಅಂಚೋ ಮುಂಚೆ ಒಂದ್ಸಲ ಸರ್ಯಾಗಿ ಕೇಳ್ಕಬಾರ್ದಿತ್ತಾ?"

ಹಿಂದಿನವರು ನಕ್ಕರು. ಅವಳ ಮಗನೂ ನಕ್ಕ, ಎರಡು ಸಬ್ಜೆಕ್ಟು ಹೋದವನು. ಅಷ್ಟರಲ್ಲಿ ನನ್ನ ಸರದಿ ಬಂತು. ಅರ್ಜಿ ಒಳಗೆ ಕೊಟ್ಟೆ. ಈಶ್ವರಯ್ಯ ಕನ್ನಡಕ ಏರಿಸಿ, ಎಷ್ಟು ವಿಷಯ ಹೋಗಿದೆ ಅಂತ ಎಲ್ಲರಿಗೂ ಕೇಳಿಸೋ ಹಾಗೆ ಕೇಳಿದ. ಒಂದೂ ಇಲ್ಲ ಅಂದೆ. ಓ, ಇಂಪ್ರೂಮೆಂಟಾ, ಸರಿ ಸರಿ, ಫೀಸು ಕೊಡಿ ಅಂದ. ನಮ್ಮ ಕಾಲದಲ್ಲಿ ಸಪ್ಲಿಮೆಂಟರಿ ಅಂತಿದ್ದರು. ಹೆಸರು ಬದಲಾಯಿಸಿದ್ದಾರೆ, ಅಷ್ಟೇ. ನನ್ನ ಕಣ್ಣಿಗೆ ಮಣ್ಣೆರಚೋಕೆ ಇವನ್ಯಾರು? ಕಿಟಕಿಯೊಳಗೆ ಕೈ ಹಾಕಿ ಅರ್ಜಿ ಈಚೆಗೆ ಎಳ್ಕೊಂಡು ಬಂದೆ.

ಫೀಸು ಕಟ್ಟಿಲ್ಲ. ನಿನ್ನೆಗೆ ದಿನವೂ ಮುಗೀತು.

ಯಾಕೆ ಅಂತ ಕೇಳು. ಮೂವತ್ತು ವರ್ಷದಿಂದ ಅರಕಲಗೂಡು ಸೀಮೆ ಸೊಪ್ಪು ಬೇರ್ಪಡಿಸಿದ್ದೀನಿ. ಹರಾಜಿನಲ್ಲಿ ಒಂದು ಸಲ ಕೂಗಿಸಿಕೊಂಡ ಸೊಪ್ಪಿನ ಬೇಲನ್ನ, ಬೆಲೆ ಸಾಲದು ಅಂತ ವಾಪಸ್ ತಂದು ನಾಳೆ ಮತ್ತೆ ಇಟ್ಟು ನೋಡು. ಕಂಪನಿಯೋರು ದೂರದಿಂದಲೇ ಗುರುತು ಹಿಡೀತಾರೆ. ಸೊಪ್ಪು ಅದೇ, ಬಣ್ಣ ಅದೇ, ಆದರೂ ನಿನ್ನೆಗಿಂತ ಕಮ್ಮಿಯೇ ಕೂಗೋದು. ಎರಡನೇ ಸಲ ಕೂತಿದ್ದಕ್ಕೆ ಮರ್ಯಾದೆ ಇಲ್ಲ. ಫಸ್ಟ್ ಕ್ಲಾಸ್ ಮಾಲು ತಗೊಂಡು ಹೋಗಿ ವಾಪಸ್ ಬಂದ ಬೇಲುಗಳ ಸಾಲಲ್ಲಿ ಇಡು ಅಂತೀಯಲ್ಲ.

ನನ್ನ ಮನೇಲಿ ಎರಡನೇ ಸಲ ಕೂರೋರು ಬೇಡ. ಇನ್ನೂ ಯಾವ ದಾರಿಯಾದರೂ ಇದ್ದು, ನಿಮ್ಮಪ್ಪನ ಕೈಲಿ ಗುಟ್ಟಾಗಿ ಕಟ್ಟಿಸಿ ಬರೆದೆಯೋ, ನನ್ನ ಹೊಸಲು ತುಳೀಬೇಡ.

ಸಿಇಟಿ ಚೆನ್ನಾಗಿ ಮಾಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಅದೇ ಸಾಕು.

ದೊಡ್ಡಮ್ಮ


ಹಳೇಕೋಟೆ
27 ಮೇ 2025

ಸ್ಪಂದನಾ,

ನೀನು ಹಾಸನದಿಂದ ನೇರ ಚನ್ನರಾಯಪಟ್ಟಣಕ್ಕೆ ಹೋದೆ. ಹೋಗು, ಹೆತ್ತವರ ಮನೆ. ತಿಂಗಳ ಮೇಲಾಯ್ತು. ಫೋನ್ ಮಾಡಿದರೆ ನೀನು ಎತ್ತೋದಿಲ್ಲ. ನಿಮ್ಮಪ್ಪನಿಗೆ ಮಾಡಿದರೆ ಮಲಗಿದ್ದಾಳೆ ಅಂತಾನೆ. ಹಗಲು ಹನ್ನೊಂದು ಗಂಟೆಗೆ ಮಲಗೋದು ನಾನು ಕಲಿಸಿದ್ದಲ್ಲ. ಅದಕ್ಕೇ ಮತ್ತೆ ಕಾಗದ.

ಸಿಇಟಿಯಲ್ಲಿ ಇನ್ನೂರ ನಲವತ್ತಕ್ಕೆ ನೂರ ಎಪ್ಪತ್ತನಾಲ್ಕಂತೆ. ಗಂಗಾಧರಯ್ಯ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ನಿಮ್ಮ ಹುಡುಗಿ ಸಿಇಟಿಯಲ್ಲಿ ಕಾಲೇಜಿಗೇ ಮೊದಲು ಅಂದರು. ಇನ್ನೂ ಏನೋ ಹೇಳೋಕೆ ಬಂದರು, ನನ್ನ ಬಸ್ಸು ಹೊರಟಿತ್ತು. ನಾನು ಹೇಳಿರಲಿಲ್ವಾ? ಒಳ್ಳೇ ಮಾಲಿಗೆ ಒಂದೇ ಕೂಗು ಸಾಕು.

ಮನು ಎರಡನೇ ಪರೀಕ್ಷೆಯಲ್ಲಿ ಪಾಸಾದ. ನೀಲಗಂಗಮ್ಮ ಮೈಸೂರುಪಾಕು ಕೊಟ್ಟು ಹೋದಳು. ಗಟ್ಟಿಯಾಗಿತ್ತು.

ಸಸಿ ನಾಟಿ ನಡೀತಾ ಇದೆ, ಸೊಂಟ ನೋವು. ಸಿಟ್ಟಿದ್ದರೆ ಸಿಟ್ಟು ಅಂತಲೇ ಬರಿ. ಬೈಗುಳ ಬರೀಬೇಕಾದರೆ ಅದೂ ಬರಿ. ನಂಗೆ ಅಭ್ಯಾಸ ಇದೆ.

ದೊಡ್ಡಮ್ಮ


ಹಳೇಕೋಟೆ
19 ಜೂನ್ 2025

ಸ್ಪಂದನಾ,

ನೀನು ಬರೀಲಿಲ್ಲ. ಆದರೂ ಬರೀತೀನಿ, ಬರೀದೆ ಇರೋಕೆ ಆಗ್ತಾ ಇಲ್ಲ.

ಭಾನುವಾರ ಒಂದು ಹಲಸಿನ ಹಣ್ಣು ಹೊತ್ಕೊಂಡು ಗಂಗಾಧರಯ್ಯ ಮೇಷ್ಟ್ರ ಮನೆಗೆ ಹೋಗಿದ್ದೆ. ನಮ್ಮ ಹುಡುಗಿಗೆ ಹಾಸನದಲ್ಲಿ ಸೀಟು ಯಾವತ್ತು ಕೊಡ್ತಾರೆ ಅಂತ ಕೇಳೋಕೆ. ಸಿಗುತ್ತಾ ಅಂತ ಕೇಳೋಕಲ್ಲ. ಯಾವತ್ತು ಅಂತ.

ಮೇಷ್ಟ್ರು ಹಣ್ಣನ್ನ ಮುಟ್ಟಲೇ ಇಲ್ಲ. ಕ್ಯಾಲೆಂಡರ್ ಹಾಳೆ ಕಿತ್ತು ಹಿಂದುಗಡೆ ಲೆಕ್ಕ ಹಾಕಿದರು. ಸಿಇಟಿಯಲ್ಲಿ ನಿನಗೆ ನೂರಕ್ಕೆ ಎಪ್ಪತ್ತೆರಡೂವರೆ ಬಿದ್ದಿದೆ. ಪಿಯುಸಿಯಲ್ಲಿ ಅರವತ್ತಾರರ ಹತ್ತಿರ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಅರವತ್ತೊಂಬತ್ತು. ಇನ್ನೊಬ್ಬಳು ಹುಡುಗಿ ಇದ್ದಾಳೆ ಅಂದ್ಕೊಳ್ಳಿ, ಸಿಇಟಿಯಲ್ಲಿ ಬರೀ ಐವತ್ತು, ಪಿಯುಸಿಯಲ್ಲಿ ತೊಂಬತ್ತೈದು, ಅವಳಿಗೆ ಎಪ್ಪತ್ತೆರಡೂವರೆ ಅಂದರು. ಸಿಇಟಿಯಲ್ಲಿ ನಿನಗಿಂತ ಅಷ್ಟು ಹಿಂದೆ ಇರೋಳು ರ‍್ಯಾಂಕಲ್ಲಿ ನಿನ್ನ ಮುಂದೆ. ಈ ಮೂರು ಅಂಕದ ಸಂದಿಯಲ್ಲಿ ಸಾವಿರಾರು ಮಕ್ಕಳು ತುಂಬ್ಕೊಂಡಿದ್ದಾರಂತೆ.

ಆಗ ಹೊಳೀತು. ಸೊಪ್ಪಿಗೂ ನಾನು ಬಣ್ಣ ಒಂದೇ ನೋಡೋದಿಲ್ಲ. ಬೆರಳಲ್ಲಿ ಹಿಡಿದು ಎಲೆಯ ಮೈ, ಅದರ ದಪ್ಪ ನೋಡ್ತೀನಿ. ಬಣ್ಣ ಚಿನ್ನದಂಗಿದ್ದು ಮೈ ಪೇಲವ ಆದರೆ ಎರಡನೇ ರಾಶಿಗೇ ಹಾಕ್ತೀನಿ, ಅಯ್ಯೋ ಅನ್ನಲ್ಲ.

ಎರಡನೇ ಪರೀಕ್ಷೆ ಯಾಕೆ ಬರೆಸಲಿಲ್ಲ ಅಂತ ಮೇಷ್ಟ್ರು ಕೇಳಿದರು. ಹರಾಜಿನ ಮಾತು ಹೇಳಿದೆ. "ಇಲ್ಲಿ ಎರಡು ಕೂಗಲ್ಲಿ ಜಾಸ್ತಿ ಇದ್ದಿದ್ದನ್ನ ಹಿಡೀತಾರಮ್ಮ. ಕಮ್ಮಿ ಇದ್ದಿದ್ದನ್ನ ಯಾರೂ ನೋಡಲ್ಲ" ಅಂದರು. ನೀನೂ ಅದನ್ನೇ ಬರೆದಿದ್ದೆ. ಮನೆಗೆ ಬಂದು ಕಾಗದ ತೆಗೆದು ನೋಡಿದೆ, ಇದೆ. ಆವತ್ತು ಆ ಸಾಲಿನ ಮೇಲೆ ಕಣ್ಣು ಹಾಯಿಸಿದ್ದೆ, ಓದಿರಲಿಲ್ಲ.

ಪರೀಕ್ಷೆ-3 ಅಂತ ಇನ್ನೊಂದೂ ಇತ್ತಂತೆ. ಅದರ ಅರ್ಜಿ ದಿನವೂ ದಾಟಿದೆಯಂತೆ. ಅದನ್ನಾದರೂ ನೀನು ಯಾಕೆ ಕಟ್ಟಲಿಲ್ಲ? ನಿಮ್ಮಪ್ಪ ಏನು ಮಾಡ್ತಿದ್ದ? ರೈತರ ಮಕ್ಕಳಿಗೆ ಬೇರೆ ಸೀಟಿದೆ ಅಂದರು, ಅದಕ್ಕೆ ಪಹಣಿ ಬೇಕು. ನಮ್ಮ ಜಮೀನು ಇನ್ನೂ ನಿಮ್ಮ ತಾತನ ಅಣ್ಣನ ಹೆಸರಲ್ಲೇ ಕೂತಿದೆ. ಮೂವತ್ತು ವರ್ಷ ಸೊಪ್ಪು ಮುಟ್ಟಿದ ಕೈ ತೋರಿಸಿದರೆ ರೈತರು ಅಂತ ಬರ್ಕೊಡ್ತಾರಾ ಅಂತ ಕೇಳಿದೆ. ಇಲ್ಲವಂತೆ.

ಬರಿ.

ದೊಡ್ಡಮ್ಮ


ಚನ್ನರಾಯಪಟ್ಟಣ
28 ಜೂನ್ 2025

ದೊಡ್ಡಮ್ಮ,

ಸಿಟ್ಟಿಲ್ಲ. ಏನು ಬರೆಯಬೇಕೋ ಗೊತ್ತಾಗದೆ ಬರೆಯಲಿಲ್ಲ.

ಮೂರನೇ ಪರೀಕ್ಷೆಗೆ ಅಪ್ಪ ಕಟ್ಟುತ್ತೇನೆ ಅಂದರು. ಒಂದು ದಿನ ವ್ಯಾನು ಬಿಟ್ಟು ಹೊಳೆನರಸೀಪುರಕ್ಕೆ ಹೋಗಿ ಅರ್ಜಿನೂ ತಂದಿದ್ದರು. ನಾನೇ ಬೇಡ ಅಂದೆ. ನಿನ್ನ ಕಾಗದ ನನ್ನ ಹತ್ತಿರ ಇತ್ತು. ಬರೆದರೆ ಹೊಸಲು ತುಳೀಬೇಡ ಅಂತ ಇತ್ತಲ್ಲ. ಅಪ್ಪ ಓದಿ, ಅವಳ ಬಾಯಿ ಗೊತ್ತಲ್ವಾ, ನಾಳೆ ಮರೀತಾಳೆ, ಬರಿ ಅಂದರು. ಅಮ್ಮನೂ ಹೇಳಿದಳು. ನೀನು ಸುಮ್ಮನೆ ಅಂದಿದ್ದು ಅಂತ ಅವರಿಗೆ ಗೊತ್ತಿತ್ತು. ನನಗೆ ಗೊತ್ತಾಗಲಿಲ್ಲ. ನೀನು ನನಗೆ ಯಾವತ್ತೂ ಸುಮ್ಮಸುಮ್ಮನೆ ಏನೂ ಅಂದಿರಲಿಲ್ಲ.

ಸೀಟು ಬೇಕೋ ಮನೆ ಬೇಕೋ ಅಂತ ಎರಡು ದಿನ ಯೋಚಿಸಿದೆ. ಆವತ್ತು ಮನೆ ಅನ್ನಿಸಿತು.

ಕಾಲೇಜುಗಳ ಆಯ್ಕೆ ಪಟ್ಟಿ ಕೇಳಿದಾಗ ಹಾಸನ ಮೊದಲು ಹಾಕುತ್ತೇನೆ. ಹೋದ ವರ್ಷ ಕೊನೇ ಸೀಟು ಎಲ್ಲಿಗೆ ನಿಂತಿತ್ತು ಅಂತ ನೋಡಿದ್ದೀನಿ. ನನ್ನ ರ‍್ಯಾಂಕ್ ಅದಕ್ಕಿಂತ ಸ್ವಲ್ಪ ಆಚೆ ಇದೆ. ಈ ವರ್ಷ ಸ್ವಲ್ಪ ಹಿಗ್ಗಿದರೆ ಸಿಗಬಹುದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೂಂ ಅನ್ನುತ್ತೀನಿ. ಇರಲಿ ಅಂತ ಇಲ್ಲೇ ಬಿ.ಎಸ್ಸಿ.ಗೂ ಹೆಸರು ಕೊಟ್ಟಿದ್ದೀನಿ.

ಸೊಂಟಕ್ಕೆ ಎಣ್ಣೆ ಹಚ್ಚಿಸ್ಕೋ. ನಾಟಿ ಹೊಲದಲ್ಲಿ ದಿನವಿಡೀ ಬಗ್ಗಬೇಡ.

ಸ್ಪಂದನಾ


ಹಳೇಕೋಟೆ
24 ಆಗಸ್ಟ್ 2025

ಸ್ಪಂದನಾ,

ಮೊದಲ ಸುತ್ತಿನಲ್ಲಿ ಸಿಗಲಿಲ್ಲ ಅಂತ ನಿಮ್ಮವ್ವ ಹೇಳಿದಳು. ಇನ್ನೂ ಸುತ್ತು ಇದೆ ಅಂತಲೂ ಹೇಳಿದಳು. ಅವಳ ದನಿ ಕೇಳಿದರೆ ಅವಳಿಗೇ ನಂಬಿಕೆ ಇದ್ದ ಹಾಗೆ ಇರಲಿಲ್ಲ.

ನಿನ್ನ ಕಾಗದ ಬಂದು ಎರಡು ತಿಂಗಳಾಗ್ತಾ ಬಂತು. ಉತ್ತರ ಬರೆಯೋಕೆ ನಾಲ್ಕು ಸಲ ಕೂತೆ. ಬೈಯೋದಾದರೆ ಒಂದೇ ಉಸಿರಿಗೆ ಬರುತ್ತೆ, ಇದು ಬರಲಿಲ್ಲ.

ಏಳನೇ ಕ್ಲಾಸಿಗೆ ಅಪ್ಪ ನನ್ನನ್ನ ಬಿಡಿಸಿದ ಅಂತ ನಿನಗೆ ಹೇಳ್ತಾ ಬಂದಿದ್ದೀನಿ. ಅದು ಸುಳ್ಳು. ನಾನು ಏಳನೇ ಪಬ್ಲಿಕ್ ಪರೀಕ್ಷೆಯಲ್ಲಿ ನಪಾಸು. ಲೆಕ್ಕ ಒಂದೇ ಹೋಗಿತ್ತು. ಹೆಡ್ ಮೇಷ್ಟ್ರು ಪಾಸಾದವರನ್ನ ಕೂರಿಸಿ, ನಪಾಸಾದವರನ್ನ ನಿಲ್ಲಿಸಿ ಹೆಸರು ಓದಿದ್ದರು. ಅಪ್ಪ ಬೈಲಿಲ್ಲ. ಒಂದೇ ತಾನೆ, ಇನ್ನೊಂದ್ಸಲ ಬರಿ ಅಂತ ಫೀಸು ಕಟ್ಟಿ, ಅರಿಶಿನ ಬಣ್ಣದ ಲಂಗ ಹೊಲಿಸಿ ಬಸ್ಸು ಹತ್ತಿಸಿದ. ಹೊಳೆನರಸೀಪುರದ ಸ್ಕೂಲ್ ಗೇಟಿನ ಹತ್ತಿರ ನಮ್ಮ ಕ್ಲಾಸಿನ ಇಬ್ಬರು ನಿಂತಿದ್ದರು, ಪಾಸಾಗಿ ಹೈಸ್ಕೂಲ್ ಸೇರಿದ್ದವರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ನನ್ನ ಬಗ್ಗೆಯೋ ಅಲ್ವೋ, ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆ ಮುಗಿಯೋ ಹೊತ್ತಿನವರೆಗೂ ಹೇಮಾವತಿ ಸೇತುವೆ ಹತ್ತಿರ ಕೂತಿದ್ದು ಮನೆಗೆ ಬಂದೆ. ಚೆನ್ನಾಗಿ ಬರೆದೆ ಅಂತ ಹೇಳಿದೆ.

ಅಪ್ಪ ರಿಸಲ್ಟು ಯಾವಾಗ ಅಂತ ಕೇಳ್ತಾನೇ ಇದ್ದ. ಎಷ್ಟು ದಿನ ಅಂತ ಲೆಕ್ಕ ಇಲ್ಲ. ಒಂದು ದಿನ ಕೇಳೋದು ನಿಲ್ಲಿಸಿದ. ಆವತ್ತೇ ಅವನಿಗೆ ಗೊತ್ತಾಗಿರಬೇಕು. ಮಾರನೇ ದಿನದಿಂದ ನಾನು ಸೊಪ್ಪು ಬಿಡಿಸೋಕೆ ಹೋದೆ.

ಇದನ್ನ ನಿಮ್ಮವ್ವನಿಗೂ ಹೇಳಿಲ್ಲ. ಕಿಟಕಿ ಒಳಗಿಂದ ಅರ್ಜಿ ಎಳ್ಕೊಂಡಾಗ ನಿನ್ನ ಮರ್ಯಾದೆ ಕಾಪಾಡ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ನಿನ್ನದಲ್ಲ.

ಹೊಸಲಿನ ಮಾತು ವಾಪಸ್ ತಗೊಂಡಿದ್ದೀನಿ. ತಗೊಂಡರೆ ಏನು ಬಂತು, ಅದು ಮಾಡೋ ಕೆಲಸ ಮಾಡಿಯಾಯ್ತು.

ದೊಡ್ಡಮ್ಮ


ಚನ್ನರಾಯಪಟ್ಟಣ
5 ಅಕ್ಟೋಬರ್ 2025

ದೊಡ್ಡಮ್ಮ,

ಕೊನೇ ಸುತ್ತೂ ಆಯಿತು. ಸಿಗಲಿಲ್ಲ. ಇಲ್ಲಿನ ಬಿ.ಎಸ್ಸಿ.ಯಲ್ಲೇ ಮುಂದುವರಿಯುತ್ತೀನಿ. ಬಾಟನಿ ಪಾಠ ಮಾಡೋ ಮೇಡಂ ಒಳ್ಳೆಯವರು.

ಒಂದು ವಿಷಯ. ಕಾಲೇಜಿನ ಫಾರಂನಲ್ಲಿ ಪೋಷಕರು ಅಂತ ಇರೋ ಕಡೆ ಇಷ್ಟು ವರ್ಷ ನಿನ್ನ ಹೆಸರೇ ಇತ್ತು. ಈ ಸಲ ಅಪ್ಪ ಸಹಿ ಹಾಕಿದರು. ಇಲ್ಲೇ ಇದ್ದಾರಲ್ಲ, ಅದಕ್ಕೆ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಬರೀತಾ ಇದ್ದೀನಿ. ಬೇಜಾರು ಮಾಡ್ಕೋಬೇಡ.

ನಿನ್ನ ಆಗಸ್ಟ್ ಕಾಗದ ಮೂರು ಸಲ ಓದಿದೆ. ಸೇತುವೆ ಹತ್ತಿರ ಕೂತಿದ್ದ ಆ ಹುಡುಗಿ ಪಾಪ ಅನ್ನಿಸಿತು.

ಸ್ಪಂದನಾ


ಹಳೇಕೋಟೆ
12 ಅಕ್ಟೋಬರ್ 2025

ಸ್ಪಂದನಾ,

ಮಂಚಯ್ಯನ ಕೊಟ್ಟಿಗೆಯಲ್ಲಿ ಗ್ರೇಡಿಂಗ್ ಶುರುವಾಗಿದೆ. ಮಳೆ ಜಾಸ್ತಿಯಾಗಿ ಸೊಪ್ಪಿನ ಮೈ ಸರಿ ಇಲ್ಲ. ಮೊನ್ನೆ ಕೆಲಸದ ಮಧ್ಯೆ ಯಾವುದು ಯಾವ ರಾಶಿಗೆ ಅಂತ ತೋಚದೆ ಕೈಲಿ ಹಿಡ್ಕೊಂಡು ಕೂತುಬಿಟ್ಟೆ. ವಯಸ್ಸಾಯ್ತು ಅಂದ ಮಂಚಯ್ಯ. ಹೂಂ ಅಂದೆ.

ಗಂಗಾಧರಯ್ಯ ಮೇಷ್ಟ್ರನ್ನ ನಾನೇ ಹುಡುಕಿಕೊಂಡು ಹೋಗಿ ಕೇಳಿದೆ. ಹಾಸನದ ಕೊನೇ ಸೀಟು ಎಲ್ಲಿಗೆ ನಿಂತಿತು, ನಮ್ಮದು ಎಲ್ಲಿತ್ತು ಅಂತ. ಅವರು ಹೇಳೋಕೆ ಇಷ್ಟಪಡಲಿಲ್ಲ, ನಾನು ಬಿಡಲಿಲ್ಲ. ಪಿಯುಸಿಯ ನಾಲ್ಕೂ ಸೇರಿ ಇನ್ನು ಹನ್ನೆರಡು ಅಂಕ ಇದ್ದಿದ್ದರೆ ಸೀಟು ನಿನ್ನದಂತೆ. ಹನ್ನೆರಡು. ಕೆಮಿಸ್ಟ್ರಿ ಒಂದರಲ್ಲೇ ತರ್ತಿದ್ದೆ ನೀನು. ನಿನಗೆ ಹೇಳದೆ ಇರೋಣ ಅಂದ್ಕೊಂಡೆ. ಆದರೆ ನೀನು ಲೆಕ್ಕ ಬಲ್ಲೋಳು, ಆಗಲೇ ಹಾಕಿರ್ತೀಯ. ಹಾಕಿಯೂ ನನಗೆ ಬರೆದಿಲ್ಲ.

ಬಿ.ಎಸ್ಸಿ. ಆದಮೇಲೆ ಏನೇನೋ ಇದೆ ಅಂತ ಮೇಷ್ಟ್ರು ಹೇಳಿದರು. ಇರಬಹುದು. ಅದು ನೀನು ಎಂಟನೇ ಕ್ಲಾಸಿಂದ ಕೇಳಿದ್ದಲ್ಲ.

ಪೋಷಕರ ಜಾಗದಲ್ಲಿ ದೇವರಾಜು ಸಹಿ ಹಾಕಿದ ಅಂತ ಬರೆದೆ. ಬೇಜಾರಾಯ್ತು, ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ. ಆದರೂ ಮಾಡಿದ್ದು ಸರಿ. ಒಂದನೇ ಕ್ಲಾಸಿಂದ ಪಿಯುಸಿವರೆಗೆ ಎಷ್ಟು ಫಾರಂಗೆ ಸಹಿ ಹಾಕಿದ್ದೀನೋ, ಒಂದನ್ನೂ ಓದಿ ಹಾಕಿಲ್ಲ ಕಣೆ. ನೀನು ಬೆರಳಿಟ್ಟು ಇಲ್ಲಿ ದೊಡ್ಡಮ್ಮ ಅಂತಿದ್ದೆ, ನಾನು ಅಲ್ಲಿ ಹಾಕ್ತಿದ್ದೆ. ಹನ್ನೆರಡು ವರ್ಷ ಏನೂ ತಪ್ಪಾಗಲಿಲ್ಲ.

ಆ ಒಂದು ಸಲ ಮಾತ್ರ ನನ್ನ ಬುದ್ಧಿ ಓಡಿಸಿದೆ.

ನಿನ್ನ ದೊಡ್ಡಮ್ಮ